ಅವರ ಶೊರಬ, ನನ್ನ ಸಿಕಾರಿಪುರ

ನನ್ನ ತವರಿನಲ್ಲಿ ಯಾರ ಬಾಯಲ್ಲೂ ಶ ಹೊರಡುತ್ತಿರಲಿಲ್ಲ. ಶಿಕಾರಿಪುರ ನಮಗೆ ಸಿಕಾರಿಪುರ, ಶನಿವಾರ ಸನಿವಾರ, ಶಿವ ಸಿವ. ಮದುವೆಯಾಗಿ ಸೊರಬಕ್ಕೆ ಬಂದರೆ ಗಂಡನ ಬಾಯಲ್ಲಿ ಸ ಹೊರಡುತ್ತಿರಲಿಲ್ಲ. ಅವರದು ಶೊರಬ, ಶೋಮವಾರ, ಶಾರು. "ಒಬ್ರಿಗಿಲ್ಲದ ಅಕ್ಷರ ಇನ್ನೊಬ್ರಿಗೆ ಇರ್ಲಿ ಅಂತ ಸಿವನೇ ಜೋಡಿ ಮಾಡ್ಯಾನ" ಎಂದು ನನ್ನ ಅಪ್ಪ ನಗೆಯಾಡುತ್ತಿದ್ದ.

ನಮ್ಮ ಕೊರತೆ ರೂಢಿಯದು. ಅವರದು ಎಲುಬಿನದು. ಅವರ ಕೆಳದವಡೆ ಮುಂದಕ್ಕೆ ಚಾಚಿಕೊಂಡಿತ್ತು, ಬಾಯಿ ಮುಚ್ಚಿದರೆ ಕೆಳಗಿನ ಹಲ್ಲು ಮೇಲಿನ ಹಲ್ಲಿನ ಮುಂದೆ ಬಂದು ಕೂರುತ್ತಿತ್ತು. ಸ ಎನ್ನಲು ನಾಲಿಗೆಗೆ ಜಾಗವೇ ಸಿಗುತ್ತಿರಲಿಲ್ಲ. ಹೆಣ್ಣು ನೋಡಲು ಬಂದ ದಿನ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ "ಶಂಗೀತ ಬರುತ್ತಾ?" ಎಂದು. ನಾನು ಕಿಸಕ್ಕನೆ ನಕ್ಕುಬಿಟ್ಟೆ. ಅಮ್ಮ ಹಿಂದಿನಿಂದ ಜಡೆ ಜಗ್ಗಿದಳು. ಅವರು ಮಾತ್ರ ಸಿಟ್ಟಾಗಲಿಲ್ಲ. "ನಗ್ರಿ, ಪರವಾಗಿಲ್ಲ. ನಕ್ಕಾದ ಮೇಲೆ ಉತ್ತರ ಹೇಳಿದ್ರೆ ಆಯ್ತು" ಅಂದರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ನಾನು. ಇಂಥ ಮನುಷ್ಯನ ಜೊತೆ ಬದುಕಬಹುದು ಎಂದು ಅವತ್ತೇ ಅನ್ನಿಸಿತು.

ಅವರು ಹೊಸಬಾಳೆಯಿಂದಾಚೆಗಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ನಾನು ಮನೆಯಲ್ಲೇ ಹೊಲಿಗೆ ಮೆಷಿನ್ನು ಇಟ್ಟುಕೊಂಡು ರವಿಕೆ, ಲಂಗ ಹೊಲಿಯುತ್ತಿದ್ದೆ. ಮನೆಯಲ್ಲಿ ಅತ್ತೆ, ನಾವಿಬ್ಬರು. ಊರಲ್ಲಿ ಅವರಿಗೆ ಗದ್ದದ ಮೇಷ್ಟ್ರು ಎಂದೇ ಹೆಸರು. ನಲ್ಲಿಯ ಹತ್ತಿರ ಒಬ್ಬಾಕೆ ನನ್ನೆದುರಿಗೇ ಹಾಗಂದಳೆಂದು ಕೊಡ ಅಲ್ಲೇ ಕುಕ್ಕಿ ಅವಳ ಏಳು ತಲೆಮಾರನ್ನು ಜಾಲಾಡಿ ಬಂದಿದ್ದೆ. ಮನೆಗೆ ಬಂದರೆ ಇವರು, "ಶಾಕು ಬಿಡೆ ಮಾರಾಯ್ತಿ, ಗದ್ದ ಇರೋದಕ್ಕೆ ಗದ್ದ ಅಂತಾರೆ" ಎಂದು ನಕ್ಕರು. ರೊಟ್ಟಿಯನ್ನು ಕಚ್ಚಲು ಅವರಿಗೆ ಆಗುತ್ತಿರಲಿಲ್ಲ. ಚೂರು ಚೂರು ಮುರಿದು ಒಳದವಡೆಗೆ ತಳ್ಳಿಕೊಳ್ಳುತ್ತಿದ್ದರು. ಪೇರಲಹಣ್ಣನ್ನು ನಾನು ಹೆಚ್ಚಿ ಕೊಡಬೇಕಿತ್ತು. ಅದೆಲ್ಲ ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಕಷ್ಟ ಅಂತಲೇ ಅನ್ನಿಸುತ್ತಿರಲಿಲ್ಲ.

ಆಮೇಲೆ ಮಗಳು ಹುಟ್ಟಿದಳು. ಹುಟ್ಟುವಾಗ ಅಂಗೈಯಗಲ ಇದ್ದಳೆಂದು ಅತ್ತೆ ಅವಳನ್ನು ಸಣ್ಣಿ ಎಂದರು, ಮನೆಮಂದಿಗೆಲ್ಲ ಅದೇ ಬಾಯಿಗೆ ಬಂತು. ಅವರು ಕರೆದರೆ ಶಣ್ಣಿ. ಸೈಕಲ್ ಗೇಟಿನ ಹತ್ತಿರ ಬಂದಾಗಲೇ "ಶಣ್ಣೀ" ಎಂದು ಕೂಗುವರು, ಅವಳು ಅಂಬೆಗಾಲಲ್ಲೇ ಹೊಸಿಲವರೆಗೆ ಓಡಿ ಬರುವಳು.

ಅವಳಿಗೆ ಎರಡು ತುಂಬುತ್ತಿತ್ತು. ಒಂದು ಭಾನುವಾರ ಯಾರೋ ನೆಂಟರು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು "ನಿನ್ನ ಹೆಸರೇನು ಪುಟ್ಟಿ?" ಎಂದರು. ಅವಳು ತನ್ನ ಪುಟ್ಟ ಕೆಳದವಡೆಯನ್ನು ಆದಷ್ಟೂ ಮುಂದಕ್ಕೆ ನೂಕಿ, ಕೆಳಗಿನ ನಾಲ್ಕು ಹಲ್ಲನ್ನು ಮೇಲಿನ ಹಲ್ಲಿನ ಮುಂದೆ ತಂದು, "ಶಣ್ಣಿ" ಅಂದಳು. ಎಲ್ಲರೂ ಗೊಳ್ಳೆಂದರು. "ನೂಲಿನಂತೆ ಸೀರೆ, ಅಪ್ಪನಂತೆ ಮಗಳು" ಎಂದು ಅತ್ತೆ ಹಿಗ್ಗಿದರು. ನಾನೂ ನಕ್ಕೆ. ನಗುತ್ತಲೇ ಅವರ ಮುಖ ನೋಡಿದೆ. ಯಾರು ಏನಂದರೂ ಕುಗ್ಗದ ಮನುಷ್ಯ, ಎದ್ದು ಹಿತ್ತಿಲಿಗೆ ಹೋಗಿಬಿಟ್ಟರು. ಹಿಂದೆಯೇ ಹೋದೆ. ಬಾವಿಕಟ್ಟೆಯ ಮೇಲೆ ಕೂತಿದ್ದರು. "ಅವಳ ಹೆಶರನ್ನ ನಾನು ಶರಿಯಾಗಿ ಕರೀಬೇಕು ಕಣೆ. ನನ್ನ ಬಾಯಿ ಅವಳಿಗೆ ಬರಬಾರದು" ಅಂದರು. ಅಂದಿನಿಂದ ಮಗಳನ್ನು ಅವರು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟರು. ಅವಳು ಮಾತ್ರ ಹೆಸರು ಕೇಳಿದವರಿಗೆಲ್ಲ ಅಪ್ಪನ ಹಾಗೇ 'ಶಣ್ಣಿ' ಎನ್ನುತ್ತಿದ್ದಳು. ಸೈಕಲ್ ಸುಮ್ಮನೆ ಬಂದು ಗೋಡೆಗೊರಗುತ್ತಿತ್ತು.

ದಾವಣಗೆರೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಇದನ್ನು ಸರಿಮಾಡುತ್ತಾರೆ ಎಂದು ಯಾರೋ ಮೇಷ್ಟ್ರು ಹೇಳಿದ್ದರಂತೆ. ಮಗಳನ್ನೂ ಎತ್ತಿಕೊಂಡು ಹೋದೆವು. ಡಾಕ್ಟರಮ್ಮ ಮೊದಲು ಮಗಳ ಬಾಯಿ ನೋಡಿ, "ಇವಳ ದವಡೆ ಸರಿಯಾಗೇ ಇದೆ. ಅಪ್ಪನ ನಕಲು ಮಾಡ್ತಾಳೆ ಅಷ್ಟೇ. ದೊಡ್ಡವಳಾಗೋವಾಗ ಒಂದ್ಸಲ ತೋರಿಸಿ" ಎಂದರು. ನಾನು ಅಲ್ಲೇ ಸಿವ ಸಿವಾ ಎಂದು ಕೈಮುಗಿದೆ. ಆಮೇಲೆ ಇವರ ಹಲ್ಲಿನ ಅಚ್ಚು ತೆಗೆದು, ಪ್ಲಾಸ್ಟರಿನಲ್ಲಿ ಬಿಳಿ ದವಡೆಗಳೆರಡನ್ನು ಮಾಡಿ ನನ್ನ ಮುಂದಿಟ್ಟರು.

"ನೋಡಿಯಮ್ಮಾ, ಕೆಲವರಿಗೆ ಕೆಳದವಡೆ ಉದ್ದ ಇರುತ್ತೆ. ಹಿಂದುಗಡೆ ಎರಡೂ ಪಕ್ಕ ಎಲುಬು ಸೀಳಿ ಹಿಂದಕ್ಕೆ ಸರಿಸ್ತೀವಿ. ಕೆಲವರಿಗೆ ಅದೇ ಗಿಡ್ಡ ಇರುತ್ತೆ, ಆಗ ಮುಂದಕ್ಕೆ. ಮೇಲ್ದವಡೆದು ತೊಂದರೆ ಆದ್ರೆ ಮೂಗಿನ ಕೆಳಗೆ ಅಡ್ಡಕ್ಕೆ ಕೊಯ್ದು ಸರಿಸ್ತೀವಿ. ಇನ್ನು ಕೆಲವರಿಗೆ ಹಲ್ಲೆಲ್ಲ ಸರಿಯಾಗೇ ಕೂತಿರುತ್ತೆ, ಗದ್ದದ ತುದಿ ಮಾತ್ರ ಸರಿ ಮಾಡಿದ್ರೆ ಸಾಕು."

"ರವಿಕೆ ತೋಳು ಉದ್ದ ಆದ್ರೆ ತೋಳು ಬಿಚ್ಚೋದು, ಮೈ ಬಿಗಿ ಆದ್ರೆ ಮೈ ಬಿಚ್ಚೋದು, ಬರೀ ಅಂಚು ಸೊಟ್ಟ ಆದ್ರೆ ಅಂಚು. ಹಂಗೇನ್ರಿ?" ಅಂದೆ.

ಡಾಕ್ಟರಮ್ಮ ನಕ್ಕುಬಿಟ್ಟರು. "ಹಂಗೇ ರೀ. ನಿಮ್ಮ ಯಜಮಾನ್ರದ್ದು ಕೆಳಗಿನದು ಉದ್ದ ಅಂತ ಕಾಣುತ್ತೆ. ನಿಜವಾಗಿ ಮೇಲಿನದು ಬೆಳೀದೆ ಹಿಂದೆ ಉಳಿದಿದೆ. ಅದನ್ನ ಮುಂದೆ ತರಬೇಕು, ಕೆಳಗಿನದನ್ನ ಸ್ವಲ್ಪ ಹಿಂದೆ ತಳ್ಳಬೇಕು. ಎರಡೂ ದವಡೆ ಮಾಡಬೇಕು. ಕೊಯ್ಯೋದೆಲ್ಲ ಬಾಯಿ ಒಳಗಿಂದಾನೇ, ಮುಖದ ಮೇಲೆ ಗಾಯ ಇರಲ್ಲ."

ಅಯ್ಯೋ! ಇಷ್ಟು ವರ್ಷ ಊರೆಲ್ಲ ಆಡಿಕೊಂಡದ್ದು ತಪ್ಪು ದವಡೆಯನ್ನು. ಪಾಪ, ಕೆಳಗಿನದರ ತಪ್ಪು ಒಂದಿಷ್ಟೇ ಇತ್ತು. ನನಗೆ ಆ ಗದ್ದದ ಮೇಲೆ ಅಕ್ಕರೆಯೇ ಉಕ್ಕಿತು.

ಅವರು ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೇ, ಶ ಬರುತ್ತಾ?"

"ಬರ್ತಾ ಇದೆಯಲ್ಲ?" ಎಂದರು ಡಾಕ್ಟರಮ್ಮ, ಅರ್ಥವಾಗದೆ.

"ಅವ್ರು ಕೇಳ್ತಿರೋದು ಸ, ಸಕ್ಕರೆ ಸ" ಎಂದು ನಾನು ಬಾಯಿ ಹಾಕಿದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎಲುಬು ನಾನು ಕೂರಿಸ್ತೀನಿ ಮೇಷ್ಟ್ರೇ. ನಾಲಿಗೆಗೆ ಹಳೇ ದಾರಿ ರೂಢಿ ಆಗ್ಬಿಟ್ಟಿದೆ. ಹೊಸ ದಾರಿ ನೀವೇ ಕಲಿಸ್ಬೇಕು. ಖಂಡಿತ ಬರುತ್ತೆ ಅಂತ ನಾನು ಹೇಳಕ್ಕಾಗಲ್ಲ." ಇವರು ತಲೆಯಾಡಿಸಿ ಒಪ್ಪಿದರು.

ಮೊದಲು ಹತ್ತು ತಿಂಗಳು ಹಲ್ಲಿಗೆ ತಂತಿ ಕಟ್ಟಿಸಿಕೊಂಡು ತಿರುಗಿದರು. ಹಲ್ಲುಗಳು ತಮ್ಮ ತಮ್ಮ ದವಡೆಯಲ್ಲಿ ನೆಟ್ಟಗೆ ನಿಂತ ಮೇಲೆಯೇ ಕೊಯ್ಯುವುದಂತೆ. ಆ ತಿಂಗಳುಗಳಲ್ಲಿ ಗದ್ದ ಇನ್ನಷ್ಟು ಮುಂದೆ ಬಂದಂತೆ ಕಂಡು ನಾನು ಗಾಬರಿಬಿದ್ದೆ. ಹಾಗೇ ಆಗುತ್ತದೆ ಎಂದು ಮೊದಲೇ ಹೇಳಿದ್ದರಂತೆ, ಇವರು ನನಗೆ ಹೇಳಿರಲಿಲ್ಲ. ಅತ್ತೆ ಮಾತ್ರ ನಿಶ್ಚಿಂತೆಯಿಂದ ಇದ್ದರು. "ದವಡೆ ಆಪರೇಷನ್ನಂತೆ, ಎರಡು ದವಡೆಯಂತೆ" ಎಂದು ನೆರೆಮನೆಗೆಲ್ಲ ಹೇಳಿಕೊಂಡು ಬಂದಿದ್ದರು. ಹೊರಡುವ ಹಿಂದಿನ ದಿನ ಅವರು ಮಗನ ಕೈಗೆ ಲವಂಗದ ಪೊಟ್ಟಣ ಕೊಟ್ಟು, "ಕಿತ್ತ ಮೇಲೆ ಹತ್ತಿಲಿ ಸುತ್ತಿ ಕಚ್ಚಿಕೊ, ನಂದು ಕಿತ್ತಾಗ ಅದರಲ್ಲೇ ವಾಸಿ ಆಯ್ತು" ಎಂದಾಗ ನಮಗೆ ತಿಳಿಯಿತು. ಅವರು ಅಂದುಕೊಂಡದ್ದು ಎರಡು ದವಡೆಹಲ್ಲು ಕೀಳಿಸುವುದೆಂದು!

ವಿಷಯ ತಿಳಿದ ಮೇಲೆ ಮುದುಕಿ ಬಾಗಿಲಿಗೆ ಅಡ್ಡ ಕೂತರು. "ಎಲುಬು ಕೊಯ್ಯದಾ? ದೇವರು ಕೊಟ್ಟ ಮುಖನ ಕೊಯ್ಯದಾ? ಎಂತ ಕಡಿಮೆ ಆಗಿತ್ತು ನಿಂಗೆ? ಹೆಂಡ್ತಿ ಇಲ್ವಾ, ಮಗು ಇಲ್ವಾ?" ಎಂದು ಅತ್ತರು. ನನ್ನ ಬಾಯಿ ಆಗ ಸುಮ್ಮನಿದ್ದುಬಿಟ್ಟಿತು, ಯಾಕೆಂದರೆ ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಅವರು ಅಮ್ಮನ ಪಕ್ಕದಲ್ಲಿ ಕೂತು, "ಅಮ್ಮಾ, ಮುಖಕ್ಕಲ್ಲ. ಮೊಮ್ಮಗಳನ್ನ ಕರೆಯೋದಕ್ಕೆ" ಅಂದರು. ಅತ್ತೆ ಮೂಗೊರೆಸಿಕೊಂಡು ಎದ್ದು ದಾರಿ ಬಿಟ್ಟರು. ಲವಂಗದ ಪೊಟ್ಟಣ ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಆಪರೇಷನ್ ಮುಗಿಸಿ ಹೊರತಂದಾಗ ನಾನೇ ಅವರ ಗುರುತು ಹಿಡಿಯಲಿಲ್ಲ. ಮುಖ ಕುಂಬಳಕಾಯಿಯಾಗಿತ್ತು. ಕಣ್ಣು ಎರಡು ಗೀರು. ಎಲುಬು ಕೂಡುವವರೆಗೆ ಅಲುಗಬಾರದೆಂದು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದಿದ್ದರು. ಆರು ವಾರ ಬಾಯಿ ತೆರೆಯುವಂತಿಲ್ಲ, ಮಾತಿಲ್ಲ, ಬರೀ ನೀರಾಹಾರ. ಮನೆಗೆ ಕಳಿಸುವಾಗ ಡಾಕ್ಟರಮ್ಮ ನನ್ನ ಕೈಗೆ ಒಂದು ಕಟಿಂಗ್ ಪ್ಲೇಯರ್ ಕೊಟ್ಟು, "ವಾಂತಿ ಬಂದು ಉಸಿರು ಕಟ್ಟೋ ಹಂಗಾದ್ರೆ ಯೋಚನೆ ಮಾಡ್ಬೇಡಿ, ತಂತಿ ಕತ್ತರಿಸಿಬಿಡಿ" ಎಂದರು. ನಾನದನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡೆ, ತಾಳಿಯ ಪಕ್ಕಕ್ಕೆ. ಬಸ್ಸು ಶಿರಾಳಕೊಪ್ಪ ದಾಟುವಾಗ ಅವರ ಮುಖ ಬಿಳಚಿಕೊಂಡಿತು. ನಾನು ಪ್ಲೇಯರ್ ಹಿಡಿದು ಎದ್ದೇ ನಿಂತೆ. ಅವರು ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಮೂಗಿನಲ್ಲಿ ಉಸಿರೆಳೆದು ಎಳೆದು ಸುಧಾರಿಸಿಕೊಂಡರು. ಸೊರಬದಲ್ಲಿ ಇಳಿಯುವವರೆಗೂ ಆ ಕೈ ಬಿಡಲಿಲ್ಲ.

ಮಗಳಿಗೆ ಆಗ ಮೂರು. ಅಜ್ಜಿಯ ಸೆರಗಿನ ಹಿಂದೆ ನಿಂತು ಅವರನ್ನೊಮ್ಮೆ ನೋಡಿದಳು, ಅಷ್ಟೇ. ಹತ್ತಿರ ಬರಲಿಲ್ಲ. ಬಾವು ಇಳಿಯಿತು, ಹೊಸ ಮುಖ ಹೊರಬಂತು, ಚೆಂದದ ಮುಖವೇ. ಆದರೂ ಬರಲಿಲ್ಲ. ನಾನು ಸಿರಿಂಜಿಗೆ ರಬ್ಬರ್ ಟ್ಯೂಬ್ ಸಿಕ್ಕಿಸಿ, ಕೆನ್ನೆಯೊಳಗೆ ತೂರಿಸಿ, ಸೋಸಿದ ಗಂಜಿ, ಬೇಳೆಕಟ್ಟು ಬಿಡುತ್ತಿದ್ದೆ. ಕೆಳದುಟಿ ಜೋಮು ಹಿಡಿದಿತ್ತು. ಗಂಜಿ ಗದ್ದಕ್ಕಿಳಿದರೂ ಅವರಿಗೆ ತಿಳಿಯುತ್ತಿರಲಿಲ್ಲ, ನಾನೇ ಒರೆಸುತ್ತಿದ್ದೆ. ಒಂದು ಬೆಳಗ್ಗೆ ಹಾಗೆ ಒರೆಸುತ್ತಿರುವಾಗ ಮಗಳು ಅಜ್ಜಿಯನ್ನು ಕೇಳಿದಳು, "ಅಜ್ಜೀ, ಈ ಮಾಮ ಯಾವಾಗ ಹೋಗ್ತಾನೆ?"

ನನಗೆ ನೆತ್ತಿಗೇರಿತು. "ಮಾಮ ಅಂತೀಯೇನೇ, ನಿಮ್ಮಪ್ಪ ಕಣೇ" ಎಂದು ಕೈಯೆತ್ತಿಕೊಂಡು ಹೋದೆ. ಅವರು ನನ್ನ ಸೆರಗು ಹಿಡಿದು ನಿಲ್ಲಿಸಿದರು. ಮಾತಿಗೆಂದು ಇಟ್ಟುಕೊಂಡಿದ್ದ ಸ್ಲೇಟಿನ ಮೇಲೆ ದುಂಡಗೆ 'ಸಣ್ಣಿ' ಎಂದು ಬರೆದು ಮಗಳ ಕಡೆ ಹಿಡಿದರು. ಬರವಣಿಗೆಯಲ್ಲಿ ಅವರ ಸ ಎಂದೂ ತಪ್ಪಿರಲಿಲ್ಲ. ಓದಲು ಬಾರದ ಮಗು ಸ್ಲೇಟನ್ನೂ ಅವರನ್ನೂ ನೋಡಿ ಓಡಿಹೋಯಿತು. ಅವರು ಅಂಗೈಯಿಂದ ಒರೆಸಿದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡು ಅತ್ತುಬಿಟ್ಟೆ.

ಆರು ವಾರದ ಮೇಲೆ ತಂತಿ ಬಿಚ್ಚಿದರು. ಬಾಯಿ ಒಂದು ಬೆರಳಗಲ ತೆರೆಯಿತು. ನಾನು "ಹೇಳ್ರಿ" ಎಂದೆ. "ಶ" ಎಂದರು. ಅದೇ ಶ! ಅವರ ಕಣ್ಣಲ್ಲಿ ನೀರು ತುಂಬಿತು. ನನಗೆ ಡಾಕ್ಟರಮ್ಮನ ಮೇಲೆ, ಸಿವನ ಮೇಲೆ, ಎಲ್ಲರ ಮೇಲೂ ಕೋಪ ಬಂತು.

"ಅಳಬ್ಯಾಡ್ರಿ. ಸ ಒಂದು ನನಗೆ ಬಿಡ್ರಿ. ನನಗೆ ಬರೋದೇ ಅದೊಂದು" ಎಂದೆ.

ಮದುವೆಯಾದಾಗಿನಿಂದ ಅವರು ನನ್ನ ಶ ತಿದ್ದುತ್ತಿದ್ದರು, ಈಗ ನಾನು ಮೇಷ್ಟ್ರಾದೆ. ದಿನಾ ಬೆಳಗ್ಗೆ ಮೆಷಿನ್ನಿನ ಮುಂದೆ ಅವರನ್ನು ಕೂರಿಸಿಕೊಂಡು ಪಾಠ. "ಹಲ್ಲು ಕೂಡಿಸ್ರಿ. ನಾಲಿಗೆ ಹಿಂದಕ್ಕೆ ಮಡಚಬ್ಯಾಡ್ರಿ. ಹಲ್ಲಿನ ಹಿಂದೆ ಇಡ್ರಿ, ತಾಗಿಸಬ್ಯಾಡ್ರಿ. ಸೈಕಲ್ ಟ್ಯೂಬಿಂದ ಗಾಳಿ ಬಿಟ್ಟಂಗೆ ಬಿಡ್ರಿ." ಅವರು ಸ್ ಸ್ ಎನ್ನುವುದು, ಅದು ಶ್ ಆಗುವುದು, ನಾನು ಗದರುವುದು. ತಿಂಗಳಾಯಿತು. ಒಂದು ದಿನ ಸಾರು ಬಡಿಸುತ್ತಿದ್ದೆ. ಅವರು ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕು" ಎಂದರು. ನಾನು ಸೌಟು ಹಿಡಿದು ಹಾಗೇ ನಿಂತೆ. "ಸಾಕು, ಸಾಕು, ಸಾಕು" ಎಂದು ಅವರು ನಕ್ಕರು. ಅತ್ತೆ ಕೂತಲ್ಲಿಂದಲೇ ಕೈಮುಗಿದರು.

ಊಟ ಬಿಟ್ಟೆದ್ದು ಅವರು ನೇರ ಜಗುಲಿಗೆ ಹೋದರು. ಮಗಳು ನನ್ನ ಬಟ್ಟೆಯ ಚೂರುಗಳನ್ನು ಹರವಿಕೊಂಡು ಆಡುತ್ತಿದ್ದಳು. ಇಷ್ಟು ದಿನದಲ್ಲಿ ಅವರಿಗೆ ಒಗ್ಗಿಕೊಂಡಿದ್ದಳು, ಕೊಟ್ಟರೆ ಬಾಳೆಹಣ್ಣು ಇಸಿದುಕೊಳ್ಳುತ್ತಿದ್ದಳು. ಅಪ್ಪ ಎಂದು ಮಾತ್ರ ಕರೆದಿರಲಿಲ್ಲ.

"ಸಣ್ಣೀ" ಎಂದರು. ಎಷ್ಟು ಸ್ವಚ್ಛವಾದ ಸ!

ಅವಳು ತಲೆಯೆತ್ತಿ ನೋಡಿ ಮತ್ತೆ ಬಟ್ಟೆ ಹರವತೊಡಗಿದಳು.

"ಸಣ್ಣೀ, ಬಾ."

"ಹಂಗಲ್ಲ" ಅಂದಳು, ಚೂರುಗಳಿಂದ ಕಣ್ಣು ತೆಗೆಯದೆ. "ಹಂಗೆ ಅಜ್ಜಿ ಕರಿಯೋದು. ನಮ್ಮಪ್ಪ ಹಂಗೆ ಕರಿಯಲ್ಲ."

"ಮತ್ತೆ ನಿಮ್ಮಪ್ಪ ಹೆಂಗೆ ಕರೀತಾನೆ?" ಎಂದರು ಅವರು.

ಮಗಳು ದವಡೆಯನ್ನು ಮುಂದಕ್ಕೆ ನೂಕಿ ಹೇಳಿ ತೋರಿಸಿದಳು.

ಅವರು ನನ್ನ ಕಡೆ ತಿರುಗಿದರು. ಆ ನೋಟ ತಡೆಯಲಾಗದೆ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅವರು ನೆಲಕ್ಕೆ ಮಂಡಿಯೂರಿ ಕೂತರು. ತಿಂಗಳಿಡೀ ಗದರಿಸಿ ಗದರಿಸಿ ನಾನು ಬಿಡಿಸಿದ್ದ ಹಳೆಯ ದಾರಿಗೆ ನಾಲಿಗೆಯನ್ನು ಮತ್ತೆ ಮಡಚಿ, "ಶಣ್ಣೀ" ಎಂದು ಕೂಗಿದರು.

ಬಟ್ಟೆಯ ಚೂರುಗಳೆಲ್ಲ ಅಲ್ಲೇ ಉಳಿದವು. ಅವಳು ಓಡಿಬಂದು ಅವರ ಕೊರಳಿಗೆ ಬಿದ್ದಳು. "ಅಪ್ಪಾ, ಇಷ್ಟು ದಿನ ಎಲ್ಲಿಗೆ ಹೋಗಿದ್ದೆ ನೀನು?" ಎಂದು ಅವರ ಬೆನ್ನಿಗೆ ಗುದ್ದಿ ಗುದ್ದಿ ಅತ್ತಳು.