ರೈಟರ ಗಿಟಾರ್

ಕೊಡಗು ತಾನೇ ಒಂದು ರಾಜ್ಯವಾಗಿದ್ದಾಗ, ನಮ್ಮ ಪಕ್ಕದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಿಗೆ ದಪ್ಪ ಮೀಸೆ ಇತ್ತು. ಆ ಮೀಸೆಯನ್ನು ನನ್ನ ನೆನಪೇ ಅಂಟಿಸಿರಲೂಬಹುದು. ಗಿಟಾರ್ ನುಡಿಸುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎನ್ನುತ್ತಿದ್ದರು. ಯಾರಾದರೂ ಗಿಟಾರ್ ಕೊಟ್ಟರೆ ಒಂದು ತಂತಿ ಬಿಗಿದು, ಮುಖ ಕಿವುಚಿ, ಹಿಂದಿರುಗಿಸುತ್ತಿದ್ದರು: "ಇದು ನನ್ನ ಕೈಗೆ ಒಗ್ಗಲ್ಲ ಮಾರಾಯ. ನನ್ನದು ಬರ್ಲಿ, ಆಗ ಕೇಳಿ."

ಅವರ ಗಿಟಾರ್ ಮಾಡುತ್ತಿದ್ದವನು ಸೋಮವಾರಪೇಟೆಯಲ್ಲಿ ಕೋವಿಗೆ ಮರದ ಹಿಡಿ ಕೂರಿಸುವ ಆಚಾರಿ. ಬೀಟೆ ಮರ ಒಣಗಬೇಕೆಂದು ವರ್ಷಗಟ್ಟಲೆ ಕಾಯಿಸಿದ. ಕಡೆಗೆ ಗಿಟಾರ್ ಬಂದದ್ದು ಕೋವಿ-ಕತ್ತಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಮುನ್ನಾದಿನ. ಕೋವಿ ಆಚಾರಿಯ ಕೆಲಸವಲ್ಲವೇ ಎಂದು ರೈಟರ ಅವ್ವ ಅದನ್ನೂ ಪೂಜೆಗಿಟ್ಟ ಕೋವಿಗಳ ಸಾಲಿಗೆ ಸೇರಿಸಿ ಹೂ ಸಿಕ್ಕಿಸಿದರು. "ಪೂಜೆ ಆಗೋವರೆಗೆ ಮುಟ್ಬೇಡ." ವಾರವಾರವೂ ಆಚಾರಿಯನ್ನು ಬೈಯುತ್ತಿದ್ದ ರೈಟರು ಅಷ್ಟು ವಿಧೇಯರಾದದ್ದನ್ನು ನಾವು ಕಂಡಿರಲಿಲ್ಲ.

ಮರುದಿನ ಪೂಜೆ, ಊಟ ಮುಗಿದ ಮೇಲೆ ಎಲ್ಲರೂ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದರು. ಅವ್ವ ಗಿಟಾರ್ ತಂದು ಮಗನ ಕೈಗಿತ್ತರು.

"ಈಗ ನಿಮ್ದೇ ಬಂತಲ್ಲ ರೈಟರೇ! ಇನ್ನೇನು ನೆಪ ಹೇಳ್ತೀರಿ?" ಎಂದರು ಯಾರೋ.

ರೈಟರು ಗಿಟಾರನ್ನು ಭುಜಕ್ಕೇರಿಸಿ, ಒಂದು ಕಣ್ಣು ಮುಚ್ಚಿ, ತೆಂಗಿನಕಾಯಿಗೆ ಗುರಿಯಿಟ್ಟರು. ಅಂಗಳವೆಲ್ಲ ನಕ್ಕಿತು. ನಗುತ್ತಲೇ ಜನ ಚದುರಿದರು. ಕೊನೆಯವನು ಗೇಟು ದಾಟುವವರೆಗೂ ಅವರು ಗುರಿ ಇಳಿಸಲಿಲ್ಲ.