ಆಪತ್ತಿಗೊಂದು ಕಾಲೇಜು

ನಾವು ನೆಲೆಸಿರುವ ಪರದೇಶದ ಬಡಾವಣೆ ಮಾಂಟ್ ಕಿಯಾರಾದಲ್ಲಿ ನನ್ನ ಮೊಮ್ಮಗಳಿಗೆ ಹಾಡು ಕಲಿಸುತ್ತಿದ್ದ ಮೇಡಂ ಮೈಸೂರಿನವರು. ಶ್ರುತಿ ತಪ್ಪಿದರೆ ಬೈಯುತ್ತಿರಲಿಲ್ಲ, ಕಣ್ಣು ಮುಚ್ಚಿ ತಮ್ಮ ಕಿವಿಯೋಲೆ ತಿರುವುತ್ತಿದ್ದರು. ಹುಡುಗಿ ಮ್ಯೂಸಿಕಲ್ ಥಿಯೇಟರ್ ಕಾಲೇಜುಗಳಿಗೆ ಅರ್ಜಿ ಹಾಕುವಾಗ ಒಂದೊಂದಕ್ಕೂ ಅವರದು ಒಂದೇ ಪ್ರಶ್ನೆ: “ಇದೊಂದೇ ಸಿಕ್ಕಿದ್ರೂ ಖುಷಿಯಾಗಿ ಹೋಗ್ತೀಯಾ?”

ಎಲ್ಲೂ ಸಿಗದಿದ್ದರೆ ಇರಲಿ ಎಂದು, ಆಡಿಷನ್ ಇಲ್ಲದೆ ಅಂಕ ನೋಡಿ ಸೇರಿಸಿಕೊಳ್ಳುವ ನಾಟಕದ ಕೋರ್ಸೊಂದನ್ನು ಅವರು ಸೂಚಿಸಿದರು. ನಾನು ಅಡ್ಡಬಂದೆ. “ಆಪತ್ತಿಗೆ ಅಕೌಂಟಿಂಗ್ ಇರಲಿ ಮೇಡಂ. ಖುಷಿಯಾಗೇ ಹೋಗ್ತಾಳೆ.”

“ನಾನು ಕೇಳಿದ್ದು ಅವಳನ್ನ ಲಾ, ಅಂಕಲ್,” ಎಂದು ಇಲ್ಲಿಯವರ ಹಾಗೆ ಮಾತಿಗೊಂದು ‘ಲಾ’ ಸೇರಿಸಿ ನಕ್ಕರು.

ಮೊಮ್ಮಗಳು ನನ್ನ ಮುಖ ನೋಡಿ, “ಓಕೆ, ತಾತ,” ಎಂದಳು. ಮೇಡಂ ಓಲೆ ತಿರುವಿದರು.

ಆಡಿಷನ್‌ಗಳೆಲ್ಲ ಕೈಕೊಟ್ಟವು. ಅಕೌಂಟಿಂಗ್ ಮಾತ್ರ ಉಳಿಯಿತು. ಈಗ ಅವಳು ಒಳ್ಳೆಯ ಅಂಕ ತರುತ್ತಾಳೆ, ಮನೆಯಲ್ಲಿ ಹಾಡುವುದಿಲ್ಲ. ನಾನು ಅವಳ ಬದುಕು ಕಾಪಾಡಿದೆನೋ ಹಾಳುಮಾಡಿದೆನೋ, ಯೋಚಿಸಿದಷ್ಟೂ ಗೊಂದಲ.

ಕೊನೆಯ ಸಲ ಮೇಡಂ ಸಿಕ್ಕಿದ್ದು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಮಂಡಿನೋವು ವಿಚಾರಿಸಿ, ಬೀದಿಯ ಮಾಮಕ್ ತಿಂಡಿ ಅಂಗಡಿಯಿಂದ ಕಟ್ಟಿಸಿ ತಂದಿದ್ದ ರೊಟ್ಟಿಗಳಲ್ಲಿ ಒಂದನ್ನು ನನ್ನ ಕೈಗಿಟ್ಟರು. ಹುಡುಗಿಯ ಸುದ್ದಿ ಎತ್ತಲೇ ಇಲ್ಲ. ಅದು ಕ್ಷಮೆಯೋ ಕೋಪವೋ ತಿಳಿಯದೆ, ಬಿಸಿ ರೊಟ್ಟಿ ಹಿಡಿದು ನಿಂತವನು ನನ್ನ ಮಹಡಿಯಲ್ಲಿ ಇಳಿಯುವುದನ್ನೇ ಮರೆತೆ.