ಬಟ್ಟೆಗೆ ತಕ್ಕ ಪುಸ್ತಕ

ನಮ್ಮ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಆರು ಮೇಜುಗಳಿವೆ. ಕಿಟಕಿ ಪಕ್ಕದ್ದು ದೊಡ್ಡಕ್ಕನದು. ಇಪ್ಪತ್ತೆಂಟು ವರ್ಷದಿಂದ ಅವರದೇ. ಗಾಳಿ ಬಾರದ ಮೂಲೆಯ ಆರನೆಯದು ನನ್ನದು. ನಾನು ಪದವೀಧರ. ಈ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಬೇರೆಲ್ಲೂ ಅದು ಉಪಯೋಗಕ್ಕೆ ಬಂದಿಲ್ಲ.

ದೊಡ್ಡಕ್ಕ ನಮ್ಮಲ್ಲಿ ಯಾರ ಒಡಹುಟ್ಟಿದವರೂ ಅಲ್ಲ, ಆದರೂ ಮಾಲೀಕರು ಕೂಡ ಹಾಗೇ ಕರೆಯುತ್ತಾರೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು. ಪುಸ್ತಕವೆಂದರೆ ಮಗಳ ಬೆನ್ನಿನ ಮೇಲಿನ ಭಾರ ಎಂದಷ್ಟೇ ತಿಳಿದಿದ್ದವರಿಗೆ, ಎರಡು ವರ್ಷದ ಹಿಂದೆ ಆ ಮಗಳೇ ಫೋನಿಗೆ ಆಡಿಯೋ ಪುಸ್ತಕಗಳ ಆ್ಯಪ್ ಹಾಕಿಕೊಟ್ಟಳು. ಮೊದಲು ಕೇಳಿದ್ದು ಒಬ್ಬ ಸೂಲಗಿತ್ತಿಯ ಜೀವನಚರಿತ್ರೆ. ಅದು ಮುಗಿದ ದಿನ, ಮನೆಗೆ ಬಂದಿದ್ದ ನೆಂಟರನ್ನು ಬಸ್ಸು ಹತ್ತಿಸಿ ಬಂದಷ್ಟು ಬೇಜಾರಾಯಿತಂತೆ. ಮಾರನೇ ದಿನ ಕೈಚೀಲದಲ್ಲಿ ಪುಟ್ಟ ಸ್ಪೀಕರೊಂದನ್ನು ಹಾಕಿಕೊಂಡು ಕೆಲಸಕ್ಕೆ ಬಂದರು.

ಅಲ್ಲಿಯವರೆಗೆ ಕೋಣೆಯಲ್ಲಿದ್ದದ್ದು ಎರಡೇ ಸದ್ದು: ಹಬೆಯದು, ಜಗಳದ್ದು. ಫ್ಯಾನು ಯಾರ ಕಡೆ ತಿರುಗಬೇಕೆಂಬ ಒಂದೇ ವಿಷಯಕ್ಕೆ ಐದನೇ ಮೇಜಿನ ಮಾಮ ವರ್ಷಗಟ್ಟಲೆ ಎಲ್ಲರೊಂದಿಗೂ ಮಾತು ಬಿಟ್ಟಿದ್ದರು. ಪುಸ್ತಕ ಬಂದ ಮೇಲೆ ಊಟದ ಹೊತ್ತಿನಲ್ಲಿ ಅವರೇ ಮೊದಲು ಬಾಯಿ ತೆರೆದರು. ಸೂಲಗಿತ್ತಿಯ ಗಂಡ ಮಾಡಿದ್ದು ಸರಿಯಲ್ಲ ಎಂದರು.

ಪ್ರತಿ ಸೋಮವಾರ ದೊಡ್ಡಕ್ಕ ಹೊಸದಾಗಿ ಬಂದ ಪುಸ್ತಕಗಳಲ್ಲಿ ಒಂದನ್ನು ಆರಿಸುತ್ತಿದ್ದರು. ಅದಕ್ಕೂ ಮೊದಲು ಗೋಡೆಗೆ ಒರಗಿಸಿದ ಬಟ್ಟೆಯ ಗಂಟುಗಳನ್ನು ನೋಡುತ್ತಿದ್ದರು. ಹೋಟೆಲಿನ ಬೆಡ್‌ಶೀಟುಗಳ ವಾರವಾದರೆ ಜೀವನಚರಿತ್ರೆ. ಕೈಯೂ ಕಥೆಯೂ ಒಂದೇ ಸಮನೆ ಸಾಗುತ್ತವೆ. ಶರ್ಟುಗಳಿದ್ದರೆ ಸಂಸಾರದ ಕಾದಂಬರಿ. ಕಾಲರು, ತೋಳು, ಜೇಬು ಎಂದು ನಿಂತು ನಿಂತು ಮಾಡುವ ಕೆಲಸಕ್ಕೆ ನಿಂತು ನಿಂತು ಆಗುವ ಜಗಳಗಳೇ ಸರಿ. ಪತ್ತೇದಾರಿ ಕಾದಂಬರಿ ಮಾತ್ರ ಕರ್ಚೀಫು, ದಿಂಬಿನ ಕವರುಗಳಿಗೆ. ಅದನ್ನೂ ಅವರು ಮೊದಲು ಬಸ್ಸಿನಲ್ಲಿ ಒಬ್ಬರೇ ಪೂರ್ತಿ ಕೇಳಿ, ಎದೆ ಝಲ್ಲೆನ್ನುವ ನಿಮಿಷಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟುಕೊಳ್ಳುತ್ತಿದ್ದರು. ಆ ಜಾಗ ಬರುವ ಮುಂಚೆ ಕೈ ಎತ್ತಿದರೆ ನಾವೆಲ್ಲ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೈಕಟ್ಟಿ ಕೇಳಬೇಕು. ಶಿಶುವಿಹಾರ ಎಂದು ನಾನು ಹಿಂದಿನಿಂದ ನಗುತ್ತಿದ್ದೆ.

ಮಗಳ ಶಾಲೆಯ ಸಭೆಗೆಂದು ಅವರು ಒಂದು ದಿನ ರಜೆ ಹಾಕಿದರು. ಸ್ಪೀಕರ್ ಕೋಣೆಯಲ್ಲೇ ಇತ್ತು. ನನ್ನ ಫೋನಿನಲ್ಲೂ ಆ್ಯಪ್ ಇತ್ತು, ತಲೆಯಲ್ಲಿ ಪದವಿ ಇತ್ತು. ಪಟ್ಟಿಯ ಮೇಲ್ತುದಿಯಲ್ಲಿದ್ದ ಹೊಸ ಪತ್ತೇದಾರಿ ಕಾದಂಬರಿಯನ್ನು, ಎಲ್ಲರೂ ಹೊಗಳಿದ್ದಾರೆ ಎಂದು ಭಾಷಣ ಬಿಗಿದು ಹಾಕಿದೆ. ಅಂದು ಹೋಟೆಲಿನ ಬಿಳಿ ಶರ್ಟುಗಳ ದಿನ.

ಕಥೆಯಲ್ಲಿ ಒಬ್ಬಳು ಮನೆಗೆ ಮರಳುತ್ತಾಳೆ. ತಾನೇ ಬೀಗ ಹಾಕಿದ್ದ ಕೋಣೆಯೊಳಗೆ ಯಾರೋ ಮಾತಾಡುತ್ತಿದ್ದಾರೆ. ಬಾಗಿಲಿಗೆ ಕಿವಿಯಿಡುತ್ತಾಳೆ. ಅದು ಅವಳದ್ದೇ ದನಿ.

ಐದು ಮೇಜಿನ ಐದು ಕೈಗಳು ಇದ್ದಲ್ಲೇ ನಿಂತವು. ವಾಸನೆ ಬಂದಾಗಲೂ ಮಾಮ ಅದು ಕಥೆಯೊಳಗಿನದು ಎಂದುಕೊಂಡರಂತೆ. ಎತ್ತಿ ನೋಡಿದರೆ ಐದು ಶರ್ಟಿನ ಬೆನ್ನ ಮೇಲೂ ಕಂದು ಬಣ್ಣದ ಒಂದೊಂದು ದೋಣಿ.

ನಮ್ಮ ಮಾಲೀಕರು ಕೂಗಾಡುವವರಲ್ಲ; ಅದೇ ಕಷ್ಟ. ಸ್ಪೀಕರನ್ನು ಕಪಾಟಿನ ಮೇಲಿಟ್ಟು, ನಾಳೆ ದೊಡ್ಡಕ್ಕ ಮನೆಗೆ ಒಯ್ಯಲಿ, ಇನ್ನು ಇಲ್ಲಿ ಬೇಡ ಎಂದು ಹೊರಟುಹೋದರು.

ಮಾರನೇ ಬೆಳಿಗ್ಗೆ ಗೇಟಿನಲ್ಲೇ ಕಾದು ನಿಂತು ತಪ್ಪೊಪ್ಪಿಗೆ ಶುರು ಮಾಡಿದೆ. ರಿಹರ್ಸಲ್ ಮಾಡಿಕೊಂಡು ಬಂದಿದ್ದ ಮಾತಿನಲ್ಲಿ, ಪುಸ್ತಕ ಹಾಕಿ ಶರ್ಟು ಸುಡಿಸಿದ್ದು ನಾನೇ ಎಂಬ ಮೊದಲ ಸಾಲಿಗೇ ಅವರು ತಡೆದರು.

“ಎಷ್ಟನೇ ನಿಮಿಷ?”

“ಏನು, ದೊಡ್ಡಕ್ಕ?”

“ಶರ್ಟು ಸುಟ್ಟಿದ್ದು ಎಷ್ಟನೇ ನಿಮಿಷಕ್ಕೆ?”

ನೋಡಿಲ್ಲ ಎಂದೆ.

“ಅದೂ ಗೊತ್ತಿಲ್ದೆ ಪುಸ್ತಕ ಹಾಕಿದ್ಯಲ್ಲೋ, ಮಹಾರಾಯ.”

ಬೈಗುಳ ಅಲ್ಲಿಗೇ ಮುಗಿಯಿತು. ಸ್ಪೀಕರ್ ಇನ್ನು ಬೇಡವೆಂದ ಮಾಲೀಕರ ಮಾತು ತಿಳಿಸುವಷ್ಟರಲ್ಲಿ ಅವರ ಮುಖ ಕಂದಿತ್ತು. ಸೀದಾ ಮಾಲೀಕರ ಬಳಿ ಹೋದರು; ನಾನೂ ಬಾಲದಂತೆ ಹೋದೆ. ತಪ್ಪು ಸ್ಪೀಕರಿನದಲ್ಲ, ಮೊದಲೇ ಕೇಳದೆ ಹಾಕಿದ ಪುಸ್ತಕದ್ದು ಎಂದು ವಾದಿಸಿದರು. ಕೇಳುವ ಆಸೆಯಿದ್ದರೆ ಬಸ್ಸಿನಲ್ಲಿ ಕೇಳಬಹುದಲ್ಲ ಎಂದರು ಮಾಲೀಕರು.

“ಬಸ್ಸಲ್ಲಿ ನಾನೊಬ್ಳೇ ಕೇಳ್ತೀನಿ ಸಾರ್. ಇಲ್ಲಿ ಆರು ಜನ ಕೇಳಿದ್ರೆ ಒಂದು ಪುಸ್ತಕ ಆರಾಗುತ್ತೆ. ಅದಿಲ್ದೆ ನಂಗಿನ್ನು ಈ ಮೇಜಿನ ಮುಂದೆ ನಿಲ್ಲೋಕಾಗಲ್ಲ.”

ಇಪ್ಪತ್ತೆಂಟು ವರ್ಷದಲ್ಲಿ ಅವರು ಏನನ್ನಾದರೂ ಕೇಳಿದ್ದು ಅದೇ ಮೊದಲಿರಬೇಕು. ಮಾಲೀಕರು ಸ್ವಲ್ಪ ಹೊತ್ತು ಪೆನ್ನು ತಿರುಗಿಸಿ, ಶುಕ್ರವಾರ ಅದೇ ಪುಸ್ತಕ, ಅಂಥವೇ ಶರ್ಟು, ಒಂದು ಗುರುತು ಬಿದ್ದರೂ ಸ್ಪೀಕರ್ ಹೊರಗೆ ಎಂದರು.

ದೊಡ್ಡಕ್ಕ ಮೂರು ದಿನ ಬಸ್ಸಿನಲ್ಲಿ ಆ ಪುಸ್ತಕ ಕೇಳಿದರು. ಒಮ್ಮೆ ಇಳಿಯುವ ಸ್ಟಾಪು ತಪ್ಪಿಸಿಕೊಂಡು ಎರಡು ಸ್ಟಾಪು ನಡೆದರು. ಶುಕ್ರವಾರ ಕ್ಯಾಲೆಂಡರಿನ ಹಾಳೆಯಲ್ಲಿ ಮೂರು ಅಂಕಿಗಳಿದ್ದವು. ಮಾಲೀಕರು ಅವರ ಮೇಜಿನ ಪಕ್ಕದಲ್ಲೇ ಬಂದು ನಿಂತರು.

ಬೀಗ ಹಾಕಿದ ಕೋಣೆಯ ಜಾಗ ಬಂತು. ದೊಡ್ಡಕ್ಕ ಕೈ ಎತ್ತಿದರು, ಆರು ಪೆಟ್ಟಿಗೆಗಳೂ ನೆಟ್ಟಗಾದವು. ಎರಡನೆಯದೂ ಹಾಗೇ ದಾಟಿತು. ಮೂರನೆಯದಕ್ಕೆ ಕೈ ಏಳಲಿಲ್ಲ. ಅಪಾಯದ ವಾಸನೆ ಹಿಡಿದು ಮಾಮ ತಾವಾಗಿಯೇ ಪೆಟ್ಟಿಗೆ ನಿಲ್ಲಿಸಿದರು, ಅವರನ್ನು ನೋಡಿ ನಾವೂ ನಿಲ್ಲಿಸಿದೆವು. ದೊಡ್ಡಕ್ಕನದು ಮಾತ್ರ ಶರ್ಟಿನ ಮೇಲೇ ಇತ್ತು. ಆಗಲೇ ಕೇಳಿದ ಕಥೆ, ಮುಂದೇನೆಂದು ಗೊತ್ತು; ಆದರೂ ಬಾಯಿ ತೆರೆದುಕೊಂಡು ಸ್ಪೀಕರನ್ನೇ ನೋಡುತ್ತ ನಿಂತುಬಿಟ್ಟಿದ್ದರು.

ನಾನು ಓಡಲು ಹೊರಟೆ. ಅಷ್ಟರಲ್ಲಿ ಮಾಲೀಕರು ಕಿವಿಯನ್ನು ಕಥೆಯಲ್ಲೇ ಬಿಟ್ಟು, ಕೈಯೊಂದನ್ನೇ ಚಾಚಿ ಆ ಪೆಟ್ಟಿಗೆ ಎತ್ತಿ ನಿಲ್ಲಿಸಿದರು.

ಅಧ್ಯಾಯ ಮುಗಿಯಿತು. ದೊಡ್ಡಕ್ಕ ಎಚ್ಚೆತ್ತು ಶರ್ಟನ್ನು ಬೆಳಕಿಗೆ ಹಿಡಿದರು. ಹಬೆಯ ತೇವ ಬಿಟ್ಟು ಏನೂ ಇರಲಿಲ್ಲ. ಮಾಲೀಕರು ತಾವೂ ಒಮ್ಮೆ ತಿರುಗಿಸಿ ನೋಡಿ, ಇರಲಿ ಎಂದರು. ಬಾಗಿಲವರೆಗೆ ಹೋದವರು ಅಲ್ಲೇ ನಿಂತು, ಇನ್ನೊಂಚೂರು ಜೋರಾಗಿಟ್ಟರೆ ಕೌಂಟರಿಗೂ ಕೇಳುತ್ತದೆ ಎಂದು ಗೋಡೆಗೆ ಹೇಳುವಂತೆ ಹೇಳಿ ಹೋದರು.

ಈಗ ಹಳಿ ಜೋಡಿಸುತ್ತಿದ್ದ ರೈಲ್ವೆ ಕೂಲಿಯೊಬ್ಬನ ಜೀವನಚರಿತ್ರೆ ನಡೆಯುತ್ತಿದೆ. ಐವರಿಗೂ ಬೆಡ್‌ಶೀಟು, ನನಗೆ ಮಾತ್ರ ದೊಡ್ಡಕ್ಕನ ಅಪ್ಪಣೆಯಂತೆ ತಿಂಗಳು ಪೂರ್ತಿ ಕರ್ಚೀಫು. ದೂರಿಲ್ಲ. ಕೂಲಿಗೆ ನಿನ್ನೆಯಷ್ಟೇ ಮಗಳು ಹುಟ್ಟಿದ್ದಾಳೆ, ಹೆಸರಿನ ಬಗ್ಗೆ ಮಾಮನಿಗೂ ನನಗೂ ಊಟದ ಹೊತ್ತಿನಲ್ಲಿ ಭಾರಿ ಚರ್ಚೆ.